ಲ್ಯಾಪ್‌ಟಾಪ್ ಚೆನ್ನಾಗಿದೆ, ಆದರೆ ನೀವು ಹೇಳಬೇಕಾದ್ದನ್ನು ಹೇಳಲಿಲ್ಲ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ 11.6 ಇಂಚಿನ ಲ್ಯಾಪ್‌ಟಾಪಿನ ಎಸ್ ಮೋಡ್ ಮತ್ತು ಜಾಗದ ಕೊರತೆ ಕುರಿತು. ₹1,180 ವಾಪಸು ಹಾಗೂ ಬದಲಿ ಲ್ಯಾಪ್‌ಟಾಪ್ ಕೋರಿ

ಮಾನ್ಯರೇ,

ಹೋದ ತಿಂಗಳು ಶಿವಮೊಗ್ಗದ ಅಂಗಡಿಯೊಂದರಲ್ಲಿ ನಿಮ್ಮ ಕಂಪನಿಯ ಚಿಕ್ಕ ಲ್ಯಾಪ್‌ಟಾಪ್ ಕೊಂಡೆ. ಬೆಲೆ ₹17,990. ನನ್ನ ಸ್ವಂತ ದುಡ್ಡು. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಹಾಲಿನ ಸಂಘದ ಕಾರ್ಯದರ್ಶಿ. ಸಭೆಯ ನಡಾವಳಿ, ಸದಸ್ಯರಿಗೆ ನೋಟಿಸು, ಲೆಕ್ಕಪತ್ರ ಎಲ್ಲವನ್ನೂ ಕನ್ನಡದಲ್ಲೇ ಟೈಪ್ ಮಾಡುತ್ತೇನೆ. ಮನೆಗೂ ಸಂಘಕ್ಕೂ ಹಿಡಿದುಕೊಂಡು ಓಡಾಡಲು ಒಂದು ಚಿಕ್ಕದು ಬೇಕಿತ್ತು.

ಮೊದಲ ಎರಡು ದಿನ ನನಗೆ ನಿಜವಾಗಿಯೂ ಖುಷಿಯಾಯಿತು. ಕೈಚೀಲದಲ್ಲಿ ಹಾಕಿಕೊಂಡರೆ ಭಾರವೇ ಗೊತ್ತಾಗುವುದಿಲ್ಲ. ಒಳಗೆ ಫ್ಯಾನ್ ಇಲ್ಲದ್ದರಿಂದ ಸದ್ದೂ ಇಲ್ಲ. ಪೆಟ್ಟಿಗೆಯ ಮೇಲೆ ಹತ್ತು ಗಂಟೆ ಬ್ಯಾಟರಿ ಎಂದು ಬರೆದಿದ್ದೀರಿ, ನನಗೆ ಆರೂವರೆ ಗಂಟೆ ಬರುತ್ತಿದೆ. ಆದರೂ ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಮೊನ್ನೆ ಮಧ್ಯಾಹ್ನ ಹೋದ ಕರೆಂಟು ಸಂಜೆ ಬರುವಷ್ಟರಲ್ಲಿ ನಾನು ಇಡೀ ತಿಂಗಳ ಲೆಕ್ಕ ಮುಗಿಸಿದ್ದೆ.

ಮೂರನೆಯ ದಿನ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಲು ಹೋದೆ. ಆಗಲಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಸಿಗುವ ಆ್ಯಪ್‌ಗಳು ಮಾತ್ರ ಇದರಲ್ಲಿ ನಡೆಯುತ್ತವೆ ಎಂದು ಪರದೆಯ ಮೇಲೆ ಬಂತು. ಎರಡು ಸಲ ಪ್ರಯತ್ನಿಸಿದೆ, ಎರಡು ಸಲವೂ ಅದೇ ಉತ್ತರ. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗಲೇ ಈ ಕಟ್ಟುಪಾಡಿನ 'ಎಸ್ ಮೋಡ್' ಎಂಬ ಹೆಸರು ನಾನು ಮೊದಲು ಕೇಳಿದ್ದು. ಅಂಗಡಿಯವರು ಹೇಳಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ತಿರುಗಿಸಿ ನೋಡಿದೆ. ವಿಂಡೋಸ್ 11 ಎಂದು ದೊಡ್ಡದಾಗಿದೆ, ಪಕ್ಕದಲ್ಲಿ ಕಾಣಿಸದಷ್ಟು ಚಿಕ್ಕದಾಗಿ ಒಂದು 'ಎಸ್' ಇದೆ. ಅದರ ಅರ್ಥ ಎಲ್ಲಿಯೂ ಇಲ್ಲ.

ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇದೆಯಲ್ಲ, ಅದನ್ನೇ ಬಳಸಿ ಎಂದರು ಸಹಾಯವಾಣಿಯವರು. ಇದೆ, ನನಗೂ ಗೊತ್ತು. ಆದರೆ ನನ್ನ ಕೈಗೆ ಹದಿನೈದು ವರ್ಷದಿಂದ ರೂಢಿಯಾಗಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಬರೆಯಬಹುದು, ಕೀಲಿಗಳ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕೆಂದೂ ಇಲ್ಲ. ಅದಲ್ಲದೆ ಸಂಘದ ಹಳೆಯ ಕಡತಗಳೆಲ್ಲ ನುಡಿಯ ಫಾಂಟಿನಲ್ಲೇ ಇವೆ, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್‌ನಲ್ಲಿಲ್ಲ. ಆ ಫಾಂಟಿಲ್ಲದೆ ತೆರೆದರೆ ಒಂದು ಅಕ್ಷರವೂ ಓದಲು ಬರುವುದಿಲ್ಲ. ಹೀಗಿರುವಾಗ ಬೇರೆ ಕೀಲಿಮಣೆ ಕೊಟ್ಟರೆ ನನ್ನ ಕೆಲಸ ಹೇಗೆ ನಡೆಯಬೇಕು?

ಇನ್ನು ನನಗೆ ತುಂಬಾ ನೋವಾದ ವಿಷಯ. ಒಂದು ದಿನದ ಕೆಲಸ ಬಿಟ್ಟು, ಬಸ್ಸು ಹತ್ತಿ ಶಿವಮೊಗ್ಗದ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ಹತ್ತು ನಿಮಿಷದಲ್ಲಿ ಎಸ್ ಮೋಡ್ ತೆಗೆದುಕೊಟ್ಟು ಬಿಲ್ಲು ಕೊಟ್ಟರು. ₹1,000, ಅದರ ಮೇಲೆ ಜಿಎಸ್‌ಟಿ ₹180. ನಾನು ಮಾತಾಡದೆ ಕಟ್ಟಿದೆ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ಆ ರಾತ್ರಿ ಫೋನಿನಲ್ಲಿ, "ಅತ್ತೆ, ಅದು ಫ್ರೀ ಅಲ್ವಾ" ಎಂದಳು. ನೋಡಿದರೆ ಮೈಕ್ರೋಸಾಫ್ಟ್‌ನವರೇ ಹಾಗೆ ಹೇಳಿದ್ದಾರೆ. ಎಸ್ ಮೋಡ್‌ನಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ, ಒಮ್ಮೆ ಬಂದರೆ ಮತ್ತೆ ವಾಪಸು ಹೋಗಲು ಆಗುವುದಿಲ್ಲ ಅಷ್ಟೇ. ಮನೆಯಲ್ಲೇ ಕೂತು ಮಾಡಿಕೊಳ್ಳಬಹುದಾಗಿದ್ದ ಕೆಲಸ. ನಿಮ್ಮ ಸಹಾಯವಾಣಿಯವರು ಅದೊಂದು ಮಾತು ಹೇಳಿದ್ದರೆ ಸಾಕಿತ್ತು.

ಎರಡನೆಯ ತೊಂದರೆ ಜಾಗದ್ದು. 64 ಜಿಬಿ ಎಂದು ಕೊಟ್ಟದ್ದು ತೆರೆದಾಗ 60ಕ್ಕಿಂತ ಕಡಿಮೆ ಕಾಣುವುದು ಎಣಿಕೆಯ ರೀತಿಯಿಂದ ಎಂದು ನನಗೆ ಗೊತ್ತು, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆದರೆ ಅದರಲ್ಲಿ ಅರ್ಧದಷ್ಟನ್ನು ವಿಂಡೋಸೇ ತಿನ್ನುತ್ತದೆ. ನೀವು ಮೊದಲೇ ಹಾಕಿ ಕಳಿಸಿದ ಆ್ಯಂಟಿವೈರಸ್, ಆಟಗಳು ಬೇರೆ. ಮೂರನೆಯ ವಾರಕ್ಕೇ ಅಪ್‌ಡೇಟ್ ಮಾಡಲು ಜಾಗ ಸಾಲದು ಎಂದು ಬಂತು. ಬೇರೆ ಡಿಸ್ಕ್ ಹಾಕೋಣವೆಂದರೆ ಇದು ಬೋರ್ಡಿಗೇ ಬೆಸುಗೆ ಹಾಕಿದ ಇಎಂಎಂಸಿ ಎಂಬ ಸಂಗ್ರಹದ ಚಿಪ್. 4 ಜಿಬಿ ರ್‍ಯಾಮ್ ಕೂಡ ಹಾಗೆಯೇ, ಬದಲಾಯಿಸಲು ಬರುವುದಿಲ್ಲ. ಇದೂ ಕೊಂಡ ಮೇಲೆ ತಿಳಿದದ್ದು.

ಕಡಿಮೆ ಬೆಲೆಗೆ ಕಡಿಮೆ ಶಕ್ತಿಯ ಕಂಪ್ಯೂಟರ್ ಕೊಡುವುದು ತಪ್ಪಲ್ಲ. ಜಾಸ್ತಿ ದುಡ್ಡಿಲ್ಲದವರಿಗೆ ಇಂಥದ್ದು ಬೇಕೇ ಬೇಕು. ಆದರೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೊಳ್ಳುವ ಮೊದಲು ಹೇಳಬೇಕಿತ್ತು. ವಸ್ತುವಿನ ಗುಣಮಟ್ಟದ ಬಗ್ಗೆ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನನ್ನ ಹಕ್ಕು. ತಿಳಿದಿದ್ದರೆ ಇನ್ನೊಂದು ನಾಲ್ಕು ತಿಂಗಳು ದುಡ್ಡು ಕೂಡಿಸಿ 128 ಜಿಬಿಯದ್ದನ್ನೇ ಕೊಳ್ಳುತ್ತಿದ್ದೆ.

ಸರ್ವಿಸ್ ಸೆಂಟರಿನಲ್ಲಿ ಕಟ್ಟಿದ ₹1,180 ನನಗೆ ವಾಪಸು ಬರಬೇಕು. ಈ ಲ್ಯಾಪ್‌ಟಾಪನ್ನು ಪೂರ್ತಿ ಬೆಲೆಗೆ ವಾಪಸು ಪಡೆದು 128 ಜಿಬಿಯದ್ದನ್ನು ಕೊಡಿ, ವ್ಯತ್ಯಾಸದ ಹಣ ನಾನು ಕೊಡುತ್ತೇನೆ. ಮುಂದೆ ಮಾರುವ ಪೆಟ್ಟಿಗೆಗಳ ಮೇಲೆ ಎಸ್ ಮೋಡ್ ಎಂದರೇನು, ಅದರಿಂದ ಹೊರಬರುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ.

ಎರಡೂ ಬಿಲ್ಲುಗಳ ಪ್ರತಿ ಮತ್ತು ಪರದೆಯ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. 15 ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ