ಸೋಯಾ ಎಣ್ಣೆಯ ದರ ಇನ್ನು ವಾರಕ್ಕೊಮ್ಮೆ, ಡಬ್ಬಿ ಇನ್ನು ಕಿಲೋ ಲೆಕ್ಕದಲ್ಲಿ

ಹೋಟೆಲ್, ಖಾನಾವಳಿ, ಬೇಕರಿ ಮತ್ತು ಕಿರಾಣಿ ಅಂಗಡಿಗಳ ನಮ್ಮ ಎಲ್ಲ ಗ್ರಾಹಕರಿಗೆ,

ನಮಸ್ಕಾರ.

ಬರುವ ತಿಂಗಳ ಮೊದಲ ಸೋಮವಾರದಿಂದ ನಮ್ಮ ಸಹಕಾರ ಸಂಘದ ರಿಫೈನ್ಡ್ ಸೋಯಾ ಎಣ್ಣೆ ಮಾರಾಟದಲ್ಲಿ ಎರಡು ಬದಲಾವಣೆಗಳಿವೆ. ಇದುವರೆಗೆ ತಿಂಗಳಿಗೊಮ್ಮೆ ಗೊತ್ತುಮಾಡುತ್ತಿದ್ದ ದರವನ್ನು ಇನ್ನು ಪ್ರತಿ ಸೋಮವಾರ ಬೆಳಿಗ್ಗೆ ಗೊತ್ತುಮಾಡುತ್ತೇವೆ. ಶನಿವಾರದವರೆಗೆ ಅದು ಬದಲಾಗುವುದಿಲ್ಲ. ಎರಡನೆಯದು, 15 ಲೀಟರಿನ ಡಬ್ಬಿ ನಿಂತು ಅದರ ಜಾಗಕ್ಕೆ 15 ಕಿಲೋ ಡಬ್ಬಿ ಬರುತ್ತದೆ.

ಡಬ್ಬಿಯ ವಿಷಯ ಮೊದಲು ಹೇಳುತ್ತೇವೆ, ಏಕೆಂದರೆ ಹೊಸ ಬಿಲ್ಲು ನೋಡಿದೊಡನೆ ದರ ಏರಿದಂತೆ ಕಾಣುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಎಂದರೆ 13.65 ಕಿಲೋ, 15 ಕಿಲೋ ಎಂದರೆ ಹತ್ತಿರಹತ್ತಿರ ಹದಿನಾರೂವರೆ ಲೀಟರ್. ಹೊರಗಿನಿಂದ ಎರಡೂ ಡಬ್ಬಿ ಒಂದೇ ಥರ ಕಾಣುತ್ತವೆ, ಒಳಗೆ 1.35 ಕಿಲೋ ವ್ಯತ್ಯಾಸ. ಕಿಲೋಗೆ 130 ರೂಪಾಯಿ ಎಂದು ಹಿಡಿದರೆ ಹಳೆಯ ಡಬ್ಬಿಗೆ 1,774 ರೂಪಾಯಿ 50 ಪೈಸೆ, ಹೊಸದಕ್ಕೆ 1,950 ರೂಪಾಯಿ. ಡಬ್ಬಿಯ ಬೆಲೆ ಹೆಚ್ಚಾಯಿತು, ಎಣ್ಣೆಯ ದರ ಹೆಚ್ಚಾಗಲಿಲ್ಲ. ಬೇರೆ ಕಡೆ ವಿಚಾರಿಸುವಾಗಲೂ ಡಬ್ಬಿಗೆ ಎಷ್ಟು ಎಂದು ಕೇಳಬೇಡಿ, ಕಿಲೋಗೆ ಎಷ್ಟು ಎಂದು ಕೇಳಿ.

ಲೀಟರ್ ಬಿಡಲು ಇನ್ನೊಂದು ಕಾರಣ ಬಿಸಿಲು. ಎಣ್ಣೆ ಬಿಸಿಗೆ ಹಿಗ್ಗುತ್ತದೆ. ಬೀದರಿನ ಮೇ ತಿಂಗಳ 40 ಡಿಗ್ರಿಗೂ ಡಿಸೆಂಬರ್‌ನ 15 ಡಿಗ್ರಿಗೂ ನಡುವೆ 15 ಲೀಟರ್ ಎಣ್ಣೆಯ ಅಳತೆ ಕಾಲು ಲೀಟರಿನಷ್ಟು ಹೆಚ್ಚುಕಡಿಮೆಯಾಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಪರೀಕ್ಷಿಸಬೇಕೆಂದರೆ ತುಂಬಿದ ಡಬ್ಬಿಯನ್ನು ಮೊದಲು ತೂಗಿಡಿ. ಎಣ್ಣೆ ಮುಗಿದ ಮೇಲೆ ಖಾಲಿ ಡಬ್ಬಿ ತೂಗಿ ಕಳೆಯಿರಿ. 15 ಕಿಲೋ ಬರದಿದ್ದರೆ ಕಡಿಮೆ ಬಿದ್ದಷ್ಟನ್ನು ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ.

ಇನ್ನು ದರ. "ನಮ್ಮ ಹೊಲದ ಸೋಯಾ ಕಾಳಿಗೆ ಬೆಲೆಯಿಲ್ಲ, ಎಣ್ಣೆ ಮಾತ್ರ ಇಳಿಯುತ್ತಿಲ್ಲ, ಯಾಕೆ?" ಎಂದು ರೈತರೂ ಆಗಿರುವ ನಮ್ಮ ಗ್ರಾಹಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಒಂದು ಕ್ವಿಂಟಲ್ ಕಾಳು ಅರೆದರೆ ಸುಮಾರು 18 ಕಿಲೋ ಎಣ್ಣೆ, 80 ಕಿಲೋ ಹಿಂಡಿ ಸಿಗುತ್ತದೆ. ಶೇಂಗಾ, ಕುಸುಬೆಯನ್ನು ಮುಖ್ಯವಾಗಿ ಎಣ್ಣೆಗಾಗಿ ಅರೆಯುತ್ತಾರೆ, ಸೋಯಾ ಹಾಗಲ್ಲ. ಕಾಳಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕ ನಡೆಯುವುದು ಹಿಂಡಿ ಮಾರಿದ ದುಡ್ಡಿನ ಮೇಲೆ. ಕೋಳಿ ಫಾರಂಗಳು ಎಥನಾಲ್ ಘಟಕದಲ್ಲಿ ಉಳಿಯುವ ಮೆಕ್ಕೆಜೋಳ, ಅಕ್ಕಿಯ ಹಿಂಡಿಗೆ ತಿರುಗಿದಾಗ ಸೋಯಾ ಹಿಂಡಿಯ ಬೆಲೆ ಬೀಳುತ್ತದೆ, ಅದರ ಹಿಂದೆಯೇ ಕಾಳಿನ ಬೆಲೆಯೂ ಬೀಳುತ್ತದೆ. 2024ರ ಸುಗ್ಗಿಯಲ್ಲಿ ಆದದ್ದು ಅದೇ: ಬೆಂಬಲ ಬೆಲೆ 4,892 ರೂಪಾಯಿ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಕಾಳು ಹೋಯಿತು. ಅದೇ ಹೊತ್ತಿಗೆ ಎಣ್ಣೆ ಏರಿತು, ಏಕೆಂದರೆ ಎಣ್ಣೆಯ ದರ ನಿರ್ಧಾರವಾಗುವುದು ಬಂದರಿನಲ್ಲಿ.

ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಸೋಯಾ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಚೀನಾ ಕಾಳನ್ನೇ ತರಿಸಿ ತನ್ನಲ್ಲಿ ಅರೆಯುತ್ತದೆ, ನಾವು ಎಣ್ಣೆ ತರಿಸುತ್ತೇವೆ. ದೊಡ್ಡ ಪಾಲು ಅರ್ಜೆಂಟೀನಾದ ಪರಾನಾ ನದಿ ದಂಡೆಯ ರೊಸಾರಿಯೊ ಬಂದರುಗಳಿಂದ, ಉಳಿದದ್ದರಲ್ಲಿ ಬಹುಪಾಲು ಬ್ರೆಜಿಲ್‌ನಿಂದ. ಇಂಡೋನೇಷ್ಯಾ, ಮಲೇಷ್ಯಾದಿಂದ ಪಾಮ್ ಎಣ್ಣೆ ಹತ್ತು ದಿನಗಳ ಆಸುಪಾಸಿನಲ್ಲಿ ಬಂದು ಮುಟ್ಟಿದರೆ, ದಕ್ಷಿಣ ಅಮೆರಿಕದ ಸೋಯಾ ಎಣ್ಣೆಗೆ ಒಂದೂವರೆ ತಿಂಗಳು ಬೇಕು. ಇಲ್ಲಿ ಇಂದು ಕೊರತೆಯಾದರೆ ನಾಳೆ ತುಂಬಿಕೊಳ್ಳಲು ಆಗದ ಸರಕು ಇದು.

ಈ ನಡುವೆ ಅಡುಗೆಮನೆಯ ಜೊತೆ ಡೀಸೆಲ್ ಟ್ಯಾಂಕೂ ಇದೇ ಎಣ್ಣೆಗೆ ಕೈ ಚಾಚಿದೆ. ಸೋಯಾ ಎಣ್ಣೆ ಸಾಬೂನಿಗೆ, ಬಣ್ಣಕ್ಕೆ, ಮುದ್ರಣದ ಶಾಯಿಗೆ ಹೋಗುವುದು ಹಳೆಯ ಮಾತು. ಬಿಸ್ಕತ್ತು, ಚಾಕೊಲೇಟಿನ ಪೊಟ್ಟಣದ ಮೇಲೆ ಕಾಣುವ ಲೆಸಿಥಿನ್ ಹೆಚ್ಚಾಗಿ ಇದರ ಗೋಂದಿನಂಥ ಭಾಗವೇ. ಅವು ಬೆಲೆಯನ್ನು ಅಲುಗಿಸುವಷ್ಟು ದೊಡ್ಡವಲ್ಲ. ಇಂಧನ ಹಾಗಲ್ಲ. ಬ್ರೆಜಿಲ್ 2025ರ ಆಗಸ್ಟ್‌ನಿಂದ ಡೀಸೆಲ್‌ಗೆ ಶೇ 15 ಜೈವಿಕ ಡೀಸೆಲ್ ಬೆರೆಸುತ್ತಿದೆ, ಅದರ ಮುಖ್ಯ ಕಚ್ಚಾವಸ್ತು ಸೋಯಾ ಎಣ್ಣೆ. ಅಮೆರಿಕದಲ್ಲಿ ತಯಾರಾಗುವ ಸೋಯಾ ಎಣ್ಣೆಯಲ್ಲೂ ಅರ್ಧದ ಹತ್ತಿರ ಇಂಧನಕ್ಕೇ ಹೋಗುತ್ತದೆ. ಅಲ್ಲಿನ ಇಂಧನ ನಿಯಮ ಬದಲಾಗುವ ಸುದ್ದಿ ಬಂದರೆ ಸಾಕು, ಮುಂದಿನ ತಿಂಗಳುಗಳ ಸರಕಿಗೆ ಇಂದೇ ದರ ಕಟ್ಟುವ ಷಿಕಾಗೊ ವಾಯಿದಾ ಪೇಟೆ ಒಂದೇ ದಿನದಲ್ಲಿ ಜಿಗಿಯುತ್ತದೆ.

ಸುಂಕದ ಏರಿಳಿತವೂ ಹೀಗೆಯೇ, ಮುನ್ಸೂಚನೆ ಇಲ್ಲದೆ. 2024ರ ಸೆಪ್ಟೆಂಬರ್ 14ರಂದು ಕಚ್ಚಾ ಸೋಯಾ ಎಣ್ಣೆಯ ಒಟ್ಟು ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ ಶೇ 16.5ಕ್ಕೆ ಇಳಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾ ಸೋಯಾ ಮತ್ತಿತರ ಕಾಳು, ಅವುಗಳ ಎಣ್ಣೆ, ಹಿಂಡಿಯ ಮೇಲಿನ ರಫ್ತು ತೆರಿಗೆಯನ್ನು ತಾತ್ಕಾಲಿಕವಾಗಿ ಪೂರ್ತಿ ತೆಗೆದುಹಾಕಿತು, ಅದಕ್ಕೆ ಗೊತ್ತುಪಡಿಸಿದ 700 ಕೋಟಿ ಡಾಲರ್ ರಫ್ತಿನ ಮಿತಿ ಮೂರೇ ದಿನದಲ್ಲಿ ಮುಗಿದು ತೆರಿಗೆ ಮತ್ತೆ ಬಂತು. ಇಂಥ ಪೇಟೆಯಲ್ಲಿ ತಿಂಗಳ ದರ ಕಟ್ಟಬೇಕೆಂದರೆ ಏರಿಕೆಯ ಭಯಕ್ಕೆ ಮೊದಲೇ ಒಂದಿಷ್ಟು ಸೇರಿಸಿಡಬೇಕಾಗುತ್ತದೆ. ಬೆಲೆ ಇಳಿದ ತಿಂಗಳಲ್ಲಿ ಆ ಹೊರೆ ಸುಮ್ಮನೆ ನಿಮ್ಮ ಮೇಲೆ ಬೀಳುತ್ತದೆ. ಅದು ಸರಿಯಲ್ಲ ಎಂಬುದೇ ವಾರದ ದರಕ್ಕೆ ನಮ್ಮ ಕಾರಣ.

ಲೆಕ್ಕವನ್ನು ನೀವೂ ಹಾಕಿಕೊಳ್ಳಬಹುದು. ತೋರಿಸಲಿಕ್ಕೆಂದು ಮುಂಬೈ ಬಂದರು ಮುಟ್ಟಿದ ಕಚ್ಚಾ ಎಣ್ಣೆ ಟನ್ನಿಗೆ 1,100 ಡಾಲರ್, ಡಾಲರಿಗೆ 88 ರೂಪಾಯಿ ಎಂದು ಹಿಡಿಯೋಣ: 96,800 ರೂಪಾಯಿ. ಅದರ ಮೇಲೆ ಶೇ 16.5 ಸುಂಕ 15,972. ಒಟ್ಟು 1,12,772, ಅಂದರೆ ಕಿಲೋಗೆ 112 ರೂಪಾಯಿ 77 ಪೈಸೆ. (ಸುಂಕವನ್ನು ಸರ್ಕಾರ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುವ ಮೌಲ್ಯದ ಮೇಲೆ ಹಾಕುವುದರಿಂದ ಕೆಲವು ಪೈಸೆ ಆಚೀಚೆ ಆಗುತ್ತದೆ.) ಇದಕ್ಕೆ ಬಂದರಿನ ಖರ್ಚು, ರಿಫೈನಿಂಗ್, ಅದರಲ್ಲಿ ಹೋಗುವ ಎಣ್ಣೆ, ಡಬ್ಬಿ, ಲಾರಿ ಬಾಡಿಗೆ, ಕೊನೆಗೆ ಶೇ 5 ಜಿಎಸ್‌ಟಿ ಸೇರುತ್ತವೆ. ನೆನಪಿಡಬೇಕಾದ ಅಂಕಿ ಎರಡೇ: ಟನ್ನಿಗೆ 10 ಡಾಲರ್ ಏರಿದರೆ 15 ಕಿಲೋ ಡಬ್ಬಿಗೆ ಸುಮಾರು 16 ರೂಪಾಯಿ ಏರುತ್ತದೆ, ಡಾಲರ್ ಒಂದು ರೂಪಾಯಿ ತುಟ್ಟಿಯಾದರೆ ಸುಮಾರು 20 ರೂಪಾಯಿ. ಸೋಮವಾರದ ದರ ಇದಕ್ಕೆ ಹೊಂದದಿದ್ದರೆ ನಮ್ಮನ್ನು ಕೇಳಿ, ಎಲ್ಲಿ ಎಷ್ಟು ಸೇರಿತೆಂದು ತೋರಿಸುತ್ತೇವೆ.

ದರದಷ್ಟೇ ದುಡ್ಡು ಕಡಾಯಿಯಲ್ಲೂ ಹೋಗುತ್ತದೆ, ಆದ್ದರಿಂದ ಬಳಕೆಯ ಬಗ್ಗೆ ಒಂದಿಷ್ಟು. ಒಗ್ಗರಣೆ, ಪಲ್ಯ, ಚಪಾತಿ, ಬ್ರೆಡ್ಡಿನ ಹಿಟ್ಟಿಗೆ ಸೋಯಾ ಎಣ್ಣೆ ಚೆನ್ನಾಗಿ ಹೊಂದುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಮಿರ್ಚಿ ಭಜಿ ಕರಿಯುವ ಅಂಗಡಿಗೆ ನಾವು ಬರೀ ಸೋಯಾ ಶಿಫಾರಸು ಮಾಡುವುದಿಲ್ಲ, ಪಾಮೋಲಿನ್ ಅಥವಾ ಶೇಂಗಾ ಎಣ್ಣೆ ಹೆಚ್ಚು ತಾಳುತ್ತದೆ. ಸೋಯಾ ಎಣ್ಣೆಯಲ್ಲಿ ಶೇ 7ರ ಹತ್ತಿರ ಇರುವ ಲಿನೊಲೆನಿಕ್ ಆಮ್ಲ ಬಿಸಿಗೂ ಗಾಳಿಗೂ ಬೇಗ ಕೆಡುತ್ತದೆ. ಕೆಟ್ಟ ಸೋಯಾ ಎಣ್ಣೆಗೆ ಬರುವ ಮೀನಿನಂಥ ವಾಸನೆ ಅದರದೇ. ಸೋಯಾದಲ್ಲೇ ಕರಿಯುವವರು ಅಗಲ ಕಡಿಮೆ ಇರುವ ಕಡಾಯಿ ಇಡಿ, 170ರಿಂದ 180 ಡಿಗ್ರಿ ದಾಟಿಸಬೇಡಿ, ಗಿರಾಕಿ ಇಲ್ಲದಾಗ ಉರಿ ಆರಿಸಿ. ಹಿತ್ತಾಳೆಯ ಝಾರಾ ಬೇಡವೇ ಬೇಡ, ಅದರಲ್ಲಿರುವ ತಾಮ್ರ ಎಣ್ಣೆಯನ್ನು ಬೇಗ ಕೆಡಿಸುತ್ತದೆ, ಸ್ಟೀಲಿನದು ಬಳಸಿ. ಮೆಣಸಿನಕಾಯಿಗೆ ಉಪ್ಪು ಸವರುವುದನ್ನು ಕಡಾಯಿಯಿಂದ ದೂರ ಮಾಡಿ. ತಳಕ್ಕೆ ಬಿದ್ದ ಹಿಟ್ಟಿನ ಚೂರು ಕಪ್ಪಾಗುವ ಮೊದಲೇ ತೆಗೆಯಿರಿ, ರಾತ್ರಿ ಎಣ್ಣೆ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ.

ಭಜಿ ಬಿಟ್ಟೊಡನೆ ಏಳುವ ದೊಡ್ಡ ಗುಳ್ಳೆಗಳ ಬದಲು ಸಣ್ಣ ನೊರೆ ಎದ್ದು ಇಳಿಯದೆ ನಿಂತರೆ, ಕಡಾಯಿಯ ಅಂಚು ಅಂಟಂಟಾದರೆ, ಮೊದಲಿಗಿಂತ ಬೇಗ ಹೊಗೆ ಬಂದರೆ ಆ ಎಣ್ಣೆ ಮುಗಿದಂತೆ. ಅದಕ್ಕೆ ಹೊಸ ಎಣ್ಣೆ ಸೇರಿಸಿದರೆ ಹೊಸದೂ ಕೆಡುತ್ತದೆ. ಒಟ್ಟು ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತುಗಳ ಪ್ರಮಾಣ, ಶೇ 25 ದಾಟಿದ ಎಣ್ಣೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಇದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಅದರ ದಾಖಲೆಯನ್ನೂ ಇಡಬೇಕು.

ಚಳಿಗಾಲದಲ್ಲಿ ಇನ್ನೊಂದು ಗಮನಿಸಿ. ಪಾಮೋಲಿನ್ 10 ಡಿಗ್ರಿ ಆಸುಪಾಸಿನಲ್ಲಿ ಮಬ್ಬಾಗಿ ಹರಳುಗಟ್ಟುತ್ತದೆ, ಸೋಯಾ ತಿಳಿಯಾಗಿಯೇ ಇರುತ್ತದೆ. ಸೋಯಾ ಎಂದು ಕೊಂಡ ಎಣ್ಣೆ ಡಿಸೆಂಬರ್‌ನ ಬೆಳಿಗ್ಗೆ ಗಟ್ಟಿಯಾಗಿದ್ದರೆ ಅದರಲ್ಲಿ ಬೆರಕೆ ಇರಬಹುದು. ನಮ್ಮ ಡಬ್ಬಿಯಲ್ಲಿ ಹಾಗೆ ಕಂಡರೆ ಬ್ಯಾಚ್ ಸಂಖ್ಯೆಯೊಂದಿಗೆ ವಾಪಸ್ ತನ್ನಿ.

ಸೋಮವಾರ ಬೆಳಿಗ್ಗೆ 10ಕ್ಕೆ ದರ ಕಚೇರಿಯ ಫಲಕದಲ್ಲೂ ನಿಮ್ಮ ವಾಟ್ಸ್ಆ್ಯಪ್‌ನಲ್ಲೂ ಬರುತ್ತದೆ. ಬೇಡಿಕೆ ಬರೆಸಿದ ದಿನದ ದರವೇ ಬಿಲ್ಲಿಗೆ. ಲಾರಿ ತಡವಾಗಿ ಮುಂದಿನ ವಾರ ಬಂದರೂ ಬದಲಾಗದು. ಮದುವೆ, ಜಾತ್ರೆಗೆ ಹೆಚ್ಚು ಬೇಕಾದವರು ಕಾಲುಭಾಗ ಮುಂಗಡ ಕೊಟ್ಟು ನಾಲ್ಕು ವಾರದವರೆಗೆ ದರ ಹಿಡಿದಿಡಬಹುದು. ಉದ್ರಿಯ ಅವಧಿ ಮೊದಲಿನಂತೆಯೇ. ಉಳಿದಿರುವ 15 ಲೀಟರ್ ಡಬ್ಬಿಗಳನ್ನು ಮುಗಿಯುವವರೆಗೆ 13.65 ಕಿಲೋ ಎಂದೇ ಬಿಲ್ ಮಾಡುತ್ತೇವೆ.

ಇಂತಿ,
ಎಣ್ಣೆ ಮಾರಾಟ ವಿಭಾಗ, ಬೀದರ್