ಮೊದಲ ಪ್ಯಾಚ್ ಕಳಿಸುವ ಮುಂಚೆ

ಪುಟ್ಟೀ,

ನಿನ್ನ ಉದ್ದದ ಮೆಸೇಜ್ ಓದಿದೆ. ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕೆಲಸಕ್ಕೆ, ಇಳಿಯಬೇಕು ಅಂತಿದ್ದೀಯ. ಯಾವ ಪ್ರಾಜೆಕ್ಟ್ ಹಿಡಿದರೆ ಪ್ಲೇಸ್‌ಮೆಂಟ್ ಹೊತ್ತಿಗೆ ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಕೇಳಿದ್ದೀಯ. ಕೇಳಿದ್ದು ತಪ್ಪೇನಲ್ಲ. ಕೆಲಸ ಸಿಗಬೇಕು, ಕಾಲೇಜಿನ ಸಾಲ ತೀರಬೇಕು, ಅದೆಲ್ಲ ನನಗೂ ಗೊತ್ತು. ರೆಸ್ಯೂಮೆಗೆ ಅದರಿಂದ ಸಹಾಯ ಆಗೇ ಆಗುತ್ತದೆ. ಆದರೆ ಅದೊಂದನ್ನೇ ತಲೆಯಲ್ಲಿ ಇಟ್ಟುಕೊಂಡು ಬಂದವರು ಬೇಗ ಬೇಜಾರಾಗಿ ಹೊರಟುಹೋಗಿದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಈ ಪತ್ರ. ಫೋನಲ್ಲಿ ಹೇಳಿದರೆ "ಹೂಂ ಚಿಕ್ಕಮ್ಮ, ಹೂಂ ಚಿಕ್ಕಮ್ಮ" ಅಂತ ಹೇಳಿ ಇಟ್ಟುಬಿಡುತ್ತೀಯ.

ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆದು ಕಳಿಸಿದ ತಕ್ಷಣ ನಿನ್ನ ಕೆಲಸ ಮುಗಿಯಿತು ಅನ್ನಿಸುತ್ತದೆ. ಅಸಲಿಗೆ ಆಗ ಇನ್ನೊಬ್ಬರ ಕೆಲಸ ಶುರುವಾಗುತ್ತದೆ. ಅವರು ಅದನ್ನು ಓದಬೇಕು, ಓಡಿಸಿ ನೋಡಬೇಕು, ಹಳೆಯದೇನಾದರೂ ಕೆಟ್ಟಿತಾ ಅಂತ ಪರೀಕ್ಷೆ ಮಾಡಬೇಕು, ಸೇರಿಸಿಕೊಂಡ ಮೇಲೆ ವರ್ಷಗಟ್ಟಲೆ ಅದನ್ನು ಸಾಕಬೇಕು, ಅಷ್ಟರಲ್ಲಿ ನೀನು ಬೇರೆಲ್ಲೋ ಇರುತ್ತೀಯ. ಹೀಗೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗೆ ಎಷ್ಟೋ ಕಡೆ ಸಂಬಳ ಇರುವುದಿಲ್ಲ. ಹಗಲು ಬೇರೆ ಕೆಲಸ ಮಾಡಿ, ಮಕ್ಕಳನ್ನು ಮಲಗಿಸಿ, ರಾತ್ರಿ ಕೂರುವವರು ಅವರು. ಸಹಾಯ ಮಾಡುತ್ತೇನೆ ಅಂತ ಇಡೀ ಹಲಸಿನಹಣ್ಣು ತಂದು ಅವರ ಜಗಲಿ ಮೇಲೆ ಇಟ್ಟು ಹೋದರೆ ಹೇಗಿರುತ್ತದೆ ಹೇಳು. ಕೊಟ್ಟವರಿಗೆ ದಾನ ಮಾಡಿದ ಖುಷಿ, ಕೈಗೆಲ್ಲ ಮೇಣ ಮೆತ್ತಿಕೊಂಡು ಬಿಡಿಸುವವರು ಇನ್ಯಾರೋ! ಹಾಗಾಗಿ ಏನು ಕಳಿಸುವ ಮುಂಚೆಯೂ ಒಂದೇ ಒಂದು ಕೇಳಿಕೋ: ಇದರಿಂದ ಆ ಕಡೆ ಇರುವವರ ಕೆಲಸ ಕಮ್ಮಿ ಆಗುತ್ತದಾ, ಜಾಸ್ತಿ ಆಗುತ್ತದಾ?

ಇದನ್ನು ಕೇಳಿಕೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಹುಡುಗರದ್ದೇ ಉದಾಹರಣೆ ಇದೆ, ಹೇಳೋಕೆ ಸ್ವಲ್ಪ ನಾಚಿಕೆ. ಹ್ಯಾಕ್ಟೋಬರ್‌ಫೆಸ್ಟ್ ಅಂತ ಪ್ರತಿ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ನ ಒಂದು ಹಬ್ಬ ನಡೆಯುತ್ತದೆ. ಆಗೆಲ್ಲ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿದರೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಇಲ್ಲಿನ ಒಂದು ಯೂಟ್ಯೂಬ್ ವಿಡಿಯೊ ನೋಡಿದ ಸಾವಿರಾರು ಮಂದಿ ಸಿಕ್ಕಸಿಕ್ಕ ಪ್ರಾಜೆಕ್ಟ್‌ಗಳ ಪರಿಚಯ ಬರೆದಿಡುವ ರೀಡ್‌ಮಿ ಫೈಲಿಗೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಎರಡು ಪದ ಸೇರಿಸಿ ಕಳಿಸಿದರು. ಮೇಂಟೇನರ್‌ಗಳು ಕಸ ಗುಡಿಸಿ ಗುಡಿಸಿ ಸಾಕಾದರು. ಕೊನೆಗೆ ಹಬ್ಬದ ಮಧ್ಯದಲ್ಲೇ ನಿಯಮ ಬದಲಾಯಿತು, ತಾವಾಗಿ ಒಪ್ಪಿಕೊಂಡ ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಲೆಕ್ಕ ಅಂತ. ಇಷ್ಟಾದ ಮೇಲೂ 2024ರಲ್ಲಿ ಮತ್ತೆ ಅದೇ ಕತೆ. ಎಕ್ಸ್‌ಪ್ರೆಸ್ ಗೊತ್ತಲ್ಲ, ನೀನು ಕಾಲೇಜು ಪ್ರಾಜೆಕ್ಟ್‌ಗೆ ಬಳಸಿದ ವೆಬ್ ಚೌಕಟ್ಟು, ಅದರ ರೀಡ್‌ಮಿಗೆ ಬರೀ ತಮ್ಮ ಹೆಸರು ಸೇರಿಸಿ ನೂರಾರು ಹುಡುಗರು ಪುಲ್ ರಿಕ್ವೆಸ್ಟ್ ಕಳಿಸಿದರು. ಅದಕ್ಕೂ ಮೂಲ ಒಂದು ಪಾಠದ ವಿಡಿಯೊನೇ. ಪಾಠ ಮಾಡುವವರು ಅಭ್ಯಾಸಕ್ಕೆ ತಮ್ಮದೇ ಒಂದು ರೆಪೊ (ಕೋಡಿನ ಸಂಗ್ರಹ) ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ.

ಇದೆಲ್ಲದರ ಫಲ ಏನು ಗೊತ್ತಾ? ಭಾರತದ ವಿದ್ಯಾರ್ಥಿ ಹೆಸರಿನ ಹೊಸ ಅಕೌಂಟ್ ಕಂಡರೆ ಕೆಲವರು ಈಗ ಮೊದಲೇ ಹುಬ್ಬು ಗಂಟಿಕ್ಕುತ್ತಾರೆ. ನ್ಯಾಯ ಅಲ್ಲ. ಆದರೂ ಅದು ನಿನ್ನ ಅನುಭವಕ್ಕೆ ಬರಬಹುದು, ಸಿದ್ಧವಾಗಿರು. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ದಿನದಿನದ ಕೆಲಸ ತೋರಿಸುವ ಹಸಿರು ಚೌಕ ತುಂಬಿಸುವ ಹುಚ್ಚು ಮಾತ್ರ ಹಚ್ಚಿಕೊಳ್ಳಬೇಡ, ಇಂಟರ್‌ವ್ಯೂ ಮಾಡುವವರು ಒಂದು ಕಮಿಟ್ (ದಾಖಲಾದ ತಿದ್ದುಪಡಿ) ತೆರೆದು ನೋಡಿದರೆ ಬಣ್ಣ ಬಯಲಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತೀಯ. ನೀನು ದಿನಾ ಬಳಸುವ ಸಾಫ್ಟ್‌ವೇರ್‌ನಿಂದ. ನಾನು ಶುರು ಮಾಡಿದ್ದು ಕನ್ನಡದ ಒತ್ತಕ್ಷರದಿಂದ, ಅದೂ ಒಂದು ಸಾಲು ಕೋಡ್ ಬರೆಯದೆ. ಆಗ ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ನ ಸಿಡಿ ಬರುತ್ತಿತ್ತು. 2004ರಲ್ಲಿ ಉಬುಂಟು ಅನ್ನುವ ಲಿನಕ್ಸ್ ಬಂದಾಗ ಕೇಳಿದವರ ಮನೆಗೆ ಅವರೇ ದುಡ್ಡಿಲ್ಲದೆ ಸಿಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ನಿಮ್ಮಜ್ಜ ಆ ಲಕೋಟೆ ನೋಡಿ, ಆಮೇಲೆ ಬಿಲ್ ಬರುತ್ತದೆ ನೋಡ್ತಿರು ಅಂತ ಬಹಳ ದಿನ ಹೆದರಿಸಿದರು! ಸಿಸ್ಟಮ್ ಏನೋ ಚೆನ್ನಾಗಿ ಓಡುತ್ತಿತ್ತು, ಕನ್ನಡ ಪುಟ ತೆರೆದರೆ ಮಾತ್ರ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ.

ಯಾಕೆ ಹಾಗೆ ಅಂತ ಹುಡುಕಿದಾಗ ನನಗೆ ಇದರ ಒಳಗುಟ್ಟು ಸ್ವಲ್ಪ ತಿಳಿಯಿತು. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಡುತ್ತಾರೆ. 'ಸೂರ್ಯ' ಅಂತ ಟೈಪ್ ಮಾಡಿದರೆ ಒಳಗೆ ರ ಮೊದಲು, ಆಮೇಲೆ ಹಲಂತ, ಆಮೇಲೆ ಯ. ತೆರೆಯ ಮೇಲೆ ಮಾತ್ರ ಯ ಮುಂದೆ ಬಂದು ರ ಅರ್ಕಾವತ್ತಾಗಿ ಹಿಂದೆ ಹೋಗಬೇಕು. ಈ ಅದಲುಬದಲು ಮಾಡುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ಒಂದು ತಂತ್ರಾಂಶ. ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಅನ್ನುವ ಒಂದು ಓಪನ್ ಸೋರ್ಸ್ ಲೈಬ್ರರಿ. ಅದೇ 'ರ‍್ಯಾಂಕ್' ಅಂತ ಬರೆಯುವಾಗ ಅರ್ಕಾವತ್ತು ಬರಬಾರದು, ಅದಕ್ಕೆ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಅಕ್ಷರ ಹಾಕಬೇಕು. ಇಂಥ ಕಡೆ ತಪ್ಪಾದರೆ ಎಲ್ಲೋ ದೂರದಲ್ಲಿ ಕೂತ, ಎಷ್ಟೇ ಬುದ್ಧಿವಂತನಾದರೂ ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ ಅದು ತಪ್ಪು ಅಂತಲೇ ಗೊತ್ತಾಗುವುದಿಲ್ಲ. ನಿನಗೆ ಒಂದು ಕ್ಷಣ ಸಾಕು. ನಿನ್ನ ಕ್ಲಾಸಿನವರಿಗೆಲ್ಲ ಜಾವಾಸ್ಕ್ರಿಪ್ಟ್ ಬರುತ್ತದೆ ಅಲ್ವಾ, ಆದರೆ ಒಂದು ಫಾಂಟಿನಲ್ಲಿ 'ಕ್ಷ್ಮ' ಸರಿಯಾಗಿ ಕೂತಿದೆಯಾ ಅಂತ ಹೇಳಬಲ್ಲವರು ಈ ಲೋಕದಲ್ಲಿ ಬಹಳ ಕಮ್ಮಿ. ಅದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡ.

ತಪ್ಪು ಕಂಡಿತು ಅಂತಿಟ್ಟುಕೋ. "ಕನ್ನಡ ಸರಿ ಬರ್ತಿಲ್ಲ" ಅಂತ ಒಂದು ಸಾಲು ಎಸೆದು ಬರಬೇಡ. ಮೊದಲು ಇದನ್ನು ಯಾರಾದರೂ ಆಗಲೇ ಹೇಳಿದ್ದಾರಾ ಅಂತ ಹುಡುಕು. ಹೊಸ ಆವೃತ್ತಿಯಲ್ಲೂ ಹಾಗೇ ಇದೆಯಾ ನೋಡು. ಆಮೇಲೆ ಯಾವ ಸಿಸ್ಟಮ್, ಯಾವ ಆವೃತ್ತಿ, ಯಾವ ಫಾಂಟ್, ಏನು ಟೈಪ್ ಮಾಡಿದೆ, ಏನು ಕಾಣಬೇಕಿತ್ತು, ಏನು ಕಂಡಿತು ಅಂತ ಬರೆದು ಒಂದು ಚಿತ್ರ ಹಾಕು. ದೊಡ್ಡ ಇಂಗ್ಲಿಷ್ ಬೇಕಾಗಿಲ್ಲ. ಓದಿದವರು ತಮ್ಮ ಕಂಪ್ಯೂಟರಿನಲ್ಲಿ ಅದೇ ತಪ್ಪನ್ನು ಮತ್ತೆ ತರಿಸಿಕೊಳ್ಳುವ ಹಾಗಿದ್ದರೆ ಅದು ಒಳ್ಳೆಯ ವರದಿ. ಅಂಥ ವರದಿಗೆ, ಎಷ್ಟೋ ಸಲ, ಅರ್ಧಂಬರ್ಧ ಪ್ಯಾಚ್‌ಗಿಂತ ಜಾಸ್ತಿ ಬೆಲೆ.

ಈ ಓಪನ್ ಸೋರ್ಸ್ ಜನರನ್ನು ನಾನು ಮುಖತಃ ನೋಡಿದ್ದು 'ಲಿನಕ್ಸ್ ಬೆಂಗಳೂರು' ಸಮ್ಮೇಳನದಲ್ಲಿ. 2001ರಲ್ಲಿ ಶುರುವಾಗಿ 2005ರಿಂದ 'ಫಾಸ್ ಡಾಟ್ ಇನ್' ಅಂತ ಹೆಸರು ಬದಲಾಯಿಸಿಕೊಂಡಿತು. ಅದರ ಹಿಂದಿದ್ದವರಲ್ಲಿ ಅತುಲ್ ಚಿಟ್ನಿಸ್ ಒಬ್ಬರು, 2013ರಲ್ಲಿ ತೀರಿಕೊಂಡರು. ಬೇರೆಯವರು ಮಾಡಿದ್ದನ್ನು ಬಳಸಿ ಸುಮ್ನಿರುತ್ತೀರಿ, ವಾಪಸ್ ಏನು ಕೊಟ್ಟಿರಿ ಅಂತ ನಮ್ಮನ್ನು ಕುಟುಕುತ್ತಲೇ ಇದ್ದರು. ಖಾರದ ಮನುಷ್ಯ. ಆದರೆ ಆ ಮಾತು ಆಗ ಬೇಕಿತ್ತು, ಈಗಲೂ ಬೇಕು.

ಇನ್ನು ಎಕ್ಸ್‌ಜೆಡ್ ಕತೆ. ನಿಮ್ಮ ಸೆಕ್ಯೂರಿಟಿ ಪಾಠದಲ್ಲಿ ಇದು ಬಂದಿರಬಹುದು, ಬಂದಿದ್ದರೂ ಬರೀ ತಾಂತ್ರಿಕ ಭಾಗ ಹೇಳಿರುತ್ತಾರೆ. ಎಕ್ಸ್‌ಜೆಡ್ ಅನ್ನುವುದು ಫೈಲುಗಳನ್ನು ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್, ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಲಾಸ್ಸೆ ಕಾಲಿನ್ ಅನ್ನುವ ಒಬ್ಬರೇ ಒಬ್ಬರು, ಸಂಬಳವಿಲ್ಲದೆ. 2022ರಲ್ಲಿ ಅವರು ತಮ್ಮ ಮಾನಸಿಕ ಆರೋಗ್ಯ ಬಹಳ ದಿನದಿಂದ ಸರಿ ಇಲ್ಲ, ಇದು ದುಡ್ಡಿಗೆ ಮಾಡುವ ಕೆಲಸವೂ ಅಲ್ಲ ಅಂತ ಬಾಯಿ ಬಿಟ್ಟು ಹೇಳಿದ್ದರು. ಅದೇ ಹೊತ್ತಿಗೆ ಯಾರ‍್ಯಾರೋ ಹೆಸರಿನವರು ಬಂದು, ಯಾಕೆ ಇಷ್ಟು ನಿಧಾನ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಅಂತ ಒತ್ತಾಯ ಹಾಕುತ್ತಿದ್ದರು. ಜೊತೆಗೆ 'ಜಿಯಾ ಟಾನ್' ಅನ್ನುವ ಹೆಸರಿನ ಒಬ್ಬ, ಬಹಳ ವಿನಯವಾಗಿ, ಕೇಳಿದ ಕೆಲಸವನ್ನೆಲ್ಲ ಮಾಡಿಕೊಡುತ್ತಿದ್ದ. ಎರಡು ವರ್ಷಕ್ಕೂ ಜಾಸ್ತಿ ಹಾಗೆ ನಂಬಿಕೆ ಗಳಿಸಿ, ತಾನೂ ಮೇಂಟೇನರ್ ಆಗಿ, 2024ರಲ್ಲಿ ಅದರೊಳಗೆ ಒಂದು ಕಳ್ಳಬಾಗಿಲು ಇಟ್ಟ.

ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯ್ಂಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ಮೈಕ್ರೋಸಾಫ್ಟ್‌ನಲ್ಲಿ ಕೆಲಸ. ಬೇರೇನೋ ಅಳತೆ ಮಾಡುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಒಳಹೋಗುವುದು) ಅರ್ಧ ಸೆಕೆಂಡಿನಷ್ಟು ತಡ ಆಗುತ್ತಿದೆ ಅನ್ನಿಸಿತು. ನಾವಾಗಿದ್ದರೆ ನೆಟ್ ನಿಧಾನ ಅಂದುಕೊಂಡು ಕಾಫಿಗೆ ಏಳುತ್ತಿದ್ದೆವು. ಆತ ಬಿಡಲಿಲ್ಲ, ಅಗೆದು ನೋಡಿ, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದ. ಪರೀಕ್ಷೆಯ ಹಂತದಲ್ಲಿದ್ದ ಕೆಲವು ಲಿನಕ್ಸ್‌ಗಳಿಗೆ ಮಾತ್ರ ಅದು ಹೋಗಿತ್ತು, ಪ್ರಪಂಚದ ಸರ್ವರ್‌ಗಳಿಗೆಲ್ಲ ಹೋಗುವ ಮುಂಚೆ ನಿಂತಿತು.

ಈ ಕತೆಯಲ್ಲಿ ನನ್ನನ್ನು ಕಾಡುವುದು ಕಳ್ಳಬಾಗಿಲಲ್ಲ, ಕಾಲಿನ್ ಒಬ್ಬರೇ ಇದ್ದದ್ದು. ಅಷ್ಟು ಕಂಪನಿಗಳು ಬಳಸುತ್ತಿದ್ದವು, ಪ್ರಾಮಾಣಿಕವಾಗಿ ಒಂದು ಕೈ ಹಾಕುವವರು ಸಿಗಲಿಲ್ಲ, ಸಿಕ್ಕವನು ಮೋಸಗಾರ. ನಿನ್ನ ಪ್ಯಾಚ್ ಯಾರೂ ನೋಡಿಲ್ಲ ಅಂತ ಸಿಟ್ಟು ಬರುತ್ತದಲ್ಲ, ಆಗ "ಎನಿ ಅಪ್‌ಡೇಟ್?" ಅಂತ ದಿನಾ ಕೆಳಗೆ ಬರೆಯುವ ಮುಂಚೆ ಕಾಲಿನ್ ನೆನಪಾಗಲಿ. ಎರಡು ಮೂರು ವಾರ ಬಿಟ್ಟು ಒಂದು ಸಲ ವಿನಯವಾಗಿ ಕೇಳು. ಅಷ್ಟರಲ್ಲಿ ಬೇರೆ ಹೊಸಬರು ಕೇಳಿದ ಪ್ರಶ್ನೆಗೆ ನಿನಗೆ ಗೊತ್ತಿದ್ದರೆ ಉತ್ತರ ಕೊಡು, ಹಳೆಯ ಬಗ್ (ಕೋಡಿನ ತಪ್ಪು) ಈಗಲೂ ಇದೆಯಾ ಅಂತ ಪರೀಕ್ಷೆ ಮಾಡಿ ತಿಳಿಸು, ಇನ್‌ಸ್ಟಾಲ್ ಮಾಡುವಾಗ ನೀನು ಎಡವಿದ ಕಡೆ ದಾಖಲೆ ತಿದ್ದು. ಕೆಲವು ತಿಂಗಳಲ್ಲಿ ಅವರೇ ನಿನ್ನ ಹೆಸರು ಗುರುತು ಹಿಡಿಯುತ್ತಾರೆ.

ಬೈಗುಳದ ವಿಷಯ ಕೇಳಿದ್ದೀಯ. ಹಿಂದೆ ಜಾಸ್ತಿ ಇತ್ತು, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಬಾಯಿ ಲೋಕಪ್ರಸಿದ್ಧ. 2018ರಲ್ಲಿ ಆತನೇ ತನ್ನ ನಡವಳಿಕೆಗೆ ಕ್ಷಮೆ ಕೇಳಿ ಸ್ವಲ್ಪ ದಿನ ರಜೆ ಹಾಕಿದ, ಲಿನಕ್ಸ್‌ನ ತಿರುಳಾದ ಕರ್ನಲ್‌ಗೂ ನಡವಳಿಕೆಯ ನಿಯಮ ಬಂತು. ಈಗ ದೊಡ್ಡ ಪ್ರಾಜೆಕ್ಟ್‌ಗಳಲ್ಲೆಲ್ಲ ಅಂಥ ನಿಯಮ ಇದೆ, ದೂರು ಕೊಡಲು ವಿಳಾಸವೂ ಇರುತ್ತದೆ. ಚುಟುಕಾಗಿ "ಇದು ಬೇಡ, ಹೀಗೆ ಮಾಡು" ಅಂದರೆ ಅದು ಬೈಗುಳ ಅಲ್ಲ, ಕೋಡಿನ ಬಗ್ಗೆ ಹೇಳಿದ್ದು, ತಿದ್ದಿ ಕಳಿಸು. ನಿನ್ನ ಬಗ್ಗೆಯೇ, ನೀನು ಹುಡುಗಿ ಅನ್ನುವುದರ ಬಗ್ಗೆ ಅಸಹ್ಯ ಮಾತು ಬಂದರೆ ಸಹಿಸಿಕೊಂಡು ಕೂರಬೇಡ. ದೂರು ಕೊಡು, ಇಲ್ಲವಾ ಎದ್ದು ಬಾ, ಒಳ್ಳೆಯ ಜನ ಇರುವ ಪ್ರಾಜೆಕ್ಟ್‌ಗಳು ಬೇಕಾದಷ್ಟಿವೆ. ಹಾಂ, 'ರೆಸ್ಪೆಕ್ಟೆಡ್ ಸರ್' ಅಂತ ಬರೆಯಬೇಡ ಮಾರಾಯ್ತಿ, ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು.

ಎಐ ಬಳಸಬಾರದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಅರ್ಥ ಮಾಡಿಕೊಳ್ಳಲು ಬಳಸು. ಅದು ಬರೆದುಕೊಟ್ಟದ್ದನ್ನು ನೀನು ಸಾಲು ಸಾಲು ವಿವರಿಸಲಾರೆ ಅಂದರೆ ಕಳಿಸಬೇಡ. ನೆಟ್‌ನಿಂದ ಡೇಟಾ ತರಿಸುವ ಕರ್ಲ್ ಅನ್ನುವ ಸಾಫ್ಟ್‌ವೇರ್ ನೋಡಿಕೊಳ್ಳುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಎಐ ಹುಟ್ಟಿಸಿದ ಸುಳ್ಳು ಸೆಕ್ಯೂರಿಟಿ ವರದಿಗಳನ್ನು ಓದಿ ಓದಿ ಬೇಸತ್ತು ಬಹಿರಂಗವಾಗಿ ಗೋಳಾಡಿದ್ದಾರೆ. ಒಂದು ಬರೆಯಲು ಒಂದು ನಿಮಿಷ, ಸುಳ್ಳು ಅಂತ ತೋರಿಸಲು ಅವರ ಇಡೀ ಮಧ್ಯಾಹ್ನ. ಕೆಲವು ಪ್ರಾಜೆಕ್ಟ್‌ಗಳು ಎಐ ಕೋಡನ್ನು ತೆಗೆದುಕೊಳ್ಳುವುದೇ ಇಲ್ಲ, ಅವರ ನಿಯಮ ಓದಿಕೋ.

ದುಡ್ಡು ಇದರಲ್ಲಿ ಇಲ್ಲ ಅಂತೇನಿಲ್ಲ. ಗೂಗಲ್ 2005ರಿಂದ ಹೊಸಬರು ಓಪನ್ ಸೋರ್ಸ್ ಕೆಲಸ ಮಾಡಿದರೆ ದುಡ್ಡು ಕೊಡುವ ಸಮ್ಮರ್ ಆಫ್ ಕೋಡ್ ನಡೆಸುತ್ತಿದೆ. ಔಟ್‌ರೀಚಿ ಅಂತ ಇನ್ನೊಂದಿದೆ, ತಂತ್ರಾಂಶ ಲೋಕದಲ್ಲಿ ಸಂಖ್ಯೆಯಲ್ಲಿ ಕಮ್ಮಿ ಇರುವ ಹೆಂಗಸರಂಥವರಿಗಾಗಿಯೇ, ಮೂರು ತಿಂಗಳಿಗೆ 7,000 ಡಾಲರ್ ಕೊಡುತ್ತಾರೆ. ಅರ್ಜಿ ಹಾಕುವ ಹಂತದಲ್ಲೇ ಪ್ರಾಜೆಕ್ಟ್‌ಗೆ ಏನಾದರೂ ಕೆಲಸ ಮಾಡಿ ತೋರಿಸಬೇಕು. ನೀನು ಅದಕ್ಕೆ ಹಾಕು. ನಿನ್ನಿಂದಲೇ ದುಡ್ಡು ತಗೊಂಡು 'ಓಪನ್ ಸೋರ್ಸ್ ಇಂಟರ್ನ್‌ಶಿಪ್ ಸರ್ಟಿಫಿಕೇಟ್' ಕೊಡುವವರ ಕಡೆ ತಲೆ ಹಾಕಬೇಡ. ಇತ್ತೀಚೆಗೆ ಫಾಸ್ ಯುನೈಟೆಡ್ ಅನ್ನುವ ಓಪನ್ ಸೋರ್ಸ್ ಸಂಸ್ಥೆಯವರ ಇಂಡಿಯಾಫಾಸ್ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯುತ್ತಿದೆ, ನಮ್ಮ ಮನೆಯಲ್ಲಿ ಉಳಿದುಕೊಂಡು ಹೋಗಬಹುದು. ಸ್ಟೇಜ್ ಮೇಲಿನ ಭಾಷಣ ಆಮೇಲೆ ವಿಡಿಯೊದಲ್ಲೂ ಸಿಗುತ್ತದೆ, ನೀನು ಹೊರಗೆ ಕಾಫಿ ಹಿಡಿದು ನಿಂತವರ ಜೊತೆ ಮಾತಾಡು.

ಮುಂದೆ ಕೆಲಸ ಸಿಕ್ಕಾಗ ಸಹಿ ಹಾಕುವ ಮುಂಚೆ ಕಾಗದ ಓದು. ಬಿಡುವಿನಲ್ಲಿ ಬರೆದ ಕೋಡೂ ನಮ್ಮದೇ ಅಂತ ಕೆಲವು ಕಂಪನಿಗಳು ಅದರಲ್ಲಿ ಸೇರಿಸಿರುತ್ತವೆ. ನಾನು ಹಿಂದೆ ಇದ್ದ ಒಂದು ಕಡೆ ಒಂದು ಬಗ್ ತಿದ್ದಿ ಕಳಿಸಲು ಮೂರು ಮಂದಿಯ ಅನುಮತಿ ಬೇಕಿತ್ತು, ಅನುಮತಿ ಬರುವಷ್ಟರಲ್ಲಿ ಬೇರೆ ಯಾರೋ ತಿದ್ದಿರುತ್ತಿದ್ದರು. ಸೇರುವಾಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ತಗೋ.

ರಾತ್ರಿಯೆಲ್ಲ ದುಡ್ಡಿಲ್ಲದ ಕೆಲಸ ಯಾಕೆ ಮಾಡ್ತಾಳೆ ಅಂತ ನಿಮ್ಮಮ್ಮ ಕೇಳಿದರೆ ನನಗೆ ಫೋನ್ ಮಾಡಲು ಹೇಳು, ಅಕ್ಕನಿಗೆ ನಾನು ಹೇಳುತ್ತೇನೆ. ಇಂಟರ್ನಲ್ಸ್ ಇದ್ದ ವಾರ ಮಾತ್ರ ಲ್ಯಾಪ್‌ಟಾಪ್ ಮುಚ್ಚು. ದಸರಾ ರಜೆಗೆ ಬಂದಾಗ ಗಿಟ್ ರಿಬೇಸ್ (ನಿನ್ನ ತಿದ್ದುಪಡಿಯನ್ನು ಹೊಸ ಕೋಡಿನ ಮೇಲೆ ಮತ್ತೆ ಕೂರಿಸುವುದು) ಕೂತು ಹೇಳಿಕೊಡುತ್ತೇನೆ, ಎಲ್ಲರೂ ತಡವರಿಸುವುದು ಅಲ್ಲೇ. ಬರುವಷ್ಟರಲ್ಲಿ ಒಂದು ಸಾಫ್ಟ್‌ವೇರ್ ಆರಿಸಿ, ಕೈ ಜೋಡಿಸುವವರಿಗೆ ನಿಯಮ ಬರೆದಿಟ್ಟಿರುವ ಅದರ ಕಾಂಟ್ರಿಬ್ಯೂಟಿಂಗ್ ಫೈಲ್ ಪೂರ್ತಿ ಓದಿ, ನಿನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿಕೊಂಡು, ಅಂದರೆ ಕೋಡಿನಿಂದ ಓಡುವ ಸಾಫ್ಟ್‌ವೇರ್ ತಯಾರಿಸಿಕೊಂಡು, ಬಾ.

ಪ್ರೀತಿಯಿಂದ,
ಚಿಕ್ಕಮ್ಮ