ನಮ್ಮ ಶಾಲೆಯ ಚಳಿಗಾಲದ ಹಬ್ಬಕ್ಕೆ ನಿಮ್ಮ ಕೈಲಾದಷ್ಟು ಕೊಡಿ

ಊರಿನವರಿಗೆ, ಊರು ಬಿಟ್ಟು ಶಿವಮೊಗ್ಗ, ಬೆಂಗಳೂರು ಸೇರಿದವರಿಗೆ, ನಮ್ಮ ಶಾಲೆಯಲ್ಲಿ ಕಲಿತ ಎಲ್ಲರಿಗೂ ನಮಸ್ಕಾರ.

ಸಾಗರ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಸಲ ಡಿಸೆಂಬರ್ ಮೊದಲ ವಾರದಿಂದ ಸಂಕ್ರಾಂತಿವರೆಗೆ ಚಳಿಗಾಲದ ಹಬ್ಬ ಮಾಡುತ್ತಿದ್ದೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಶಿಕ್ಷಕರು, ಹಳೆ ವಿದ್ಯಾರ್ಥಿಗಳು ಎಲ್ಲ ಕೂತು ಮಾತಾಡಿ ತೀರ್ಮಾನ ಮಾಡಿದ್ದು ಇದು. ಅದಕ್ಕೆ ದೇಣಿಗೆ ಕೇಳಲು ಈ ಪತ್ರ.

ಚಳಿಗಾಲವೇ ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದರೆ ಮಳೆಯೂ ಶುರು. ಅಂಗಳಕ್ಕೆ ಪಾಚಿ ಕಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಮಕ್ಕಳು ತಿಂಗಳುಗಟ್ಟಲೆ ಜಗುಲಿಯಲ್ಲೇ ಆಡಬೇಕು. ನೆಲ ಒಣಗಿ ಖೋಖೋ, ಕಬಡ್ಡಿ, ಲಗೋರಿ ಅಂತ ಓಡಾಡಲು ಆಗುವುದು ದೀಪಾವಳಿ ಕಳೆದ ಮೇಲೆ. ಸರಿಯಾಗಿ ಅದೇ ಹೊತ್ತಿಗೆ ಅಡಿಕೆ ಕೊಯ್ಲು ಬರುತ್ತದೆ. ಅಪ್ಪ ಅಡಿಕೆ ಗೊನೆ ಕೊಯ್ಯಲಿಕ್ಕೆ, ಅಮ್ಮ ಅಡಿಕೆ ಸುಲಿಯಲಿಕ್ಕೆ. ಇಬ್ಬರೂ ಮನೆಗೆ ಬರುವಾಗ ರಾತ್ರಿ ಆಗಿರುತ್ತದೆ. ಶಾಲೆ ಬಿಟ್ಟ ಮಗು ಬೀಗ ತೆಗೆದು ಒಬ್ಬಂಟಿಯಾಗಿ ಕೂತಿರುತ್ತದೆ. ಆ ಸಂಜೆಗಳನ್ನೇ ನಾವು ಹಬ್ಬ ಮಾಡಹೊರಟಿದ್ದೇವೆ. ಸಂಜೆ ತರಗತಿಯಲ್ಲಿ ನಮ್ಮ ಸೀಮೆಯ ಚಿತ್ತಾರ, ಪದ, ಯಕ್ಷಗಾನ ಕಲಿಸುತ್ತೇವೆ. ಕಲಿಸುವವರಲ್ಲಿ ಹೆಚ್ಚಿನವರು ನಮ್ಮೂರಿನ ಹಿರಿಯರೇ.

ಹೋದ ವರ್ಷ ಒಂದು ವಾರ ಇದನ್ನೇ ಸಣ್ಣದಾಗಿ ಮಾಡಿ ನೋಡಿದೆವು. ದೀವರ ಕೇರಿಯ ಅಜ್ಜಿಯೊಬ್ಬರು ಬಂದು ಗೋಡೆಗೆ ಬರೆಯುವ ಹಸೆ ಚಿತ್ತಾರ ಕಲಿಸಿದರು. ಮೊದಲು ಮಕ್ಕಳ ಕೈಯಲ್ಲೇ ಗೋಡೆಗೆ ಕೆಮ್ಮಣ್ಣು ಬಳಿಸಿದರು. ನೆನೆಸಿಟ್ಟ ಅಕ್ಕಿ ಅರೆದು ಬಿಳಿ ಬಣ್ಣ, ಅಕ್ಕಿಯನ್ನೇ ಕಪ್ಪಾಗುವ ತನಕ ಹುರಿದು ಅರೆದರೆ ಕರಿ, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಅದನ್ನು ಬಣ್ಣದಲ್ಲಿ ಅದ್ದಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗೋಡೆಗೆ ತಾಗಿಸಿ ಎಳೆ ಕೂರಿಸಬೇಕು. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ. ಐದನೇ ತರಗತಿಯ ಒಬ್ಬ ಹುಡುಗ ಬಾಯಿ ಬಿಡದವನು. ಅವನು ಮೂರು ಸಂಜೆ ಒಂದೇ ಮೂಲೆಯಲ್ಲಿ ಕೂತು ಭತ್ತದ ತೆನೆಯ ಸಾಲು ಎಳೆದ. ಅಜ್ಜಿ ಹತ್ತಿರ ಬಂದು ನೋಡಿ, 'ಕೈ ಕೂತಿದೆ ನೋಡು ಇವಂದು' ಅಂದರು. ಆ ಗೋಡೆ ಈಗಲೂ ಹಾಗೇ ಇದೆ, ಬಂದಾಗ ನೋಡಿ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವುದೂ ಇದೇ ಚಿತ್ತಾರ ಅಲ್ವಾ? ಈ ಸಲ ಬುಟ್ಟಿ ಹೆಣೆಯುವವರನ್ನೂ ಕರೆದಿದ್ದೇವೆ.

ಅಂಟಿಗೆ ಪಂಟಿಗೆಯ ಪದಗಳೂ ಇವೆ. ದೀಪಾವಳಿಯಲ್ಲಿ ದೀಪ ಹಿಡಿದು, ರಾತ್ರಿಯಿಡೀ ಮನೆಮನೆಗೆ ಹಾಡುತ್ತಾ ಹೋಗುವವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಹಾಡುವವರು ಅದನ್ನು ಆರದ ಹಾಗೆ ಊರು ದಾಟಿಸುತ್ತಾರೆ. ಆದರೆ ಬಾಗಿಲು ತೆಗೆಸುವ ಪದವನ್ನು ಪೂರ್ತಿ ಹೇಳಬಲ್ಲವರು ನಮ್ಮೂರಲ್ಲಿ ಈಗ ಇಬ್ಬರೇ. ಇಬ್ಬರಿಗೂ ವಯಸ್ಸಾಗಿದೆ. ನಮ್ಮ ಅವಸರ ಇರುವುದು ಇಲ್ಲಿ. ಮಕ್ಕಳು ಪುಸ್ತಕ ನೋಡಿ ಕಲಿತರೆ ಪದ ಬರುತ್ತದೆ, ಧಾಟಿ ಬರುವುದಿಲ್ಲ. ಅವರ ಎದುರೇ ಕೂತು ಕಲಿಯಬೇಕು.

ಒಂದು ದಿನ ಕೆಳದಿಗೆ ಹೋಗಿ ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ನೋಡಿ, ಅಲ್ಲಿನ ವಸ್ತುಸಂಗ್ರಹಾಲಯ ನೋಡಿ ಬರುವುದಿದೆ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿ ಚೆನ್ನಮ್ಮ ಆಸರೆ ಕೊಟ್ಟಳಲ್ಲ, 1689ರ ಆ ಕತೆಯನ್ನೇ ಮಕ್ಕಳು ಯಕ್ಷಗಾನ ಮಾಡುತ್ತಾರೆ. ಡಿಸೆಂಬರ್ 29ಕ್ಕೆ ಕುವೆಂಪು ಹುಟ್ಟಿದ ದಿನದ ಕಾರ್ಯಕ್ರಮ ಇದ್ದೇ ಇದೆ. ಆಲೆಮನೆ ಶುರುವಾದರೆ ಮಕ್ಕಳಿಗೆ ತೊಡೆದೇವು ಅನ್ನುವ ಸಿಹಿತಿಂಡಿ ಮಾಡಿ ತೋರಿಸುತ್ತೇವೆ ಅಂತ ಇಬ್ಬರು ತಾಯಂದಿರು ಒಪ್ಪಿದ್ದಾರೆ. ಬೋರಲು ಹಾಕಿದ ಮಡಕೆ ಮೇಲೆ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಬಟ್ಟೆಯಲ್ಲಿ ಎಳೆದು, ಕಾಗದದಷ್ಟು ತೆಳುವಾಗಿ ಎಬ್ಬಿಸುವುದನ್ನು ನೋಡುವುದೇ ಒಂದು ಪಾಠ.

ಇನ್ನು ಖರ್ಚಿನ ಮಾತು. ಕಲಿಸುವ ಹಿರಿಯರು ಯಾರೂ ದುಡ್ಡು ಕೇಳಿಲ್ಲ. ಆದರೂ ಅವರಿಗೆ ಒಂದು ಗೌರವಧನ ಕೊಡದೆ ಸುಮ್ನೆ ಕಳಿಸುವುದು ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಹೆಜ್ಜೆ ಕಲಿಸಲು ಯಕ್ಷಗಾನ ಗುರುಗಳು ಹೊರಗಿನಿಂದ ಬರಬೇಕು, ಚೆಂಡೆ ಮದ್ದಳೆ, ವೇಷಭೂಷಣ ಬಾಡಿಗೆಗೆ ತರಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಜೀಪಿಗೆ. ನಮ್ಮ ಕಡೆ ಒಂಟಿ ಮನೆಗಳೇ ಹೆಚ್ಚು. ಒಂದೊಂದು ಮನೆಗೆ ಮೈಲಿಗಟ್ಟಲೆ ಕಾಡುದಾರಿ. ಡಿಸೆಂಬರ್‌ನಲ್ಲಿ ಆರೂವರೆಗೆಲ್ಲ ಕತ್ತಲಾಗುತ್ತದೆ. ಪ್ರತಿ ಮಗುವನ್ನೂ ಮನೆ ಬಾಗಿಲಿಗೆ ಬಿಟ್ಟು ಬಂದರೆ ಮಾತ್ರ ಸಂಜೆ ತರಗತಿ ನಡೆಸುತ್ತೇವೆ ಅಂತ ತಂದೆತಾಯಿಗಳಿಗೆ ಮಾತು ಕೊಟ್ಟಿದ್ದೇವೆ. ಸಂಜೆ ಹೊತ್ತಿಗೆ ಅವಲಕ್ಕಿ, ಬಿಸಿ ಹಾಲು ಕೊಡಬೇಕು. ಬೆಳಿಗ್ಗೆ ಮಂಜಲ್ಲಿ ಟವೆಲ್ ಹೊದ್ದು ಬರುವ ಮಕ್ಕಳು ಕೆಲವರಿದ್ದಾರೆ, ಅವರಿಗೆ ಸ್ವೆಟರ್ ಆಗಬೇಕು. ಹಳೆ ಸ್ವೆಟರ್ ದಯವಿಟ್ಟು ಬೇಡ. ಕೊಡುವುದಾದರೆ ಹೊಸದೇ ಕೊಡೋಣ.

ನೂರು ರೂಪಾಯಿ ಕೊಟ್ಟರೂ ಸಂತೋಷ, ಜಾಸ್ತಿ ಕೊಡುವ ಶಕ್ತಿ ಇದ್ದವರು ಒಂದು ವಾರದ ಜೀಪಿನ ಖರ್ಚು ವಹಿಸಿಕೊಂಡರೆ ದೊಡ್ಡ ಉಪಕಾರ. ಹಣವನ್ನು ಶಾಲೆಯ ಖಾತೆಗೇ ಹಾಕಿ ಅಥವಾ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ರಶೀದಿ ತಗೊಳ್ಳಿ. ಯಾರ ವೈಯಕ್ತಿಕ ನಂಬರಿಗೂ ಕಳಿಸಬೇಡಿ. ಬಂದದ್ದು, ಖರ್ಚಾದದ್ದು ಎರಡನ್ನೂ ವಾರಕ್ಕೊಮ್ಮೆ ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ದುಡ್ಡು ಕೊಡಲು ಆಗದವರು ಗುರಿಗೆ ಕಾಯಿ, ಪುಂಡಿ ನಾರು, ಮಕ್ಕಳ ತಿಂಡಿಗೆ ಅಕ್ಕಿ, ಬೆಲ್ಲ ಕೊಡಬಹುದು. ನಿಮ್ಮ ಮನೆಯ ಹಿರಿಯರಿಗೆ ಅಂಟಿಗೆ ಪಂಟಿಗೆಯ ಒಂದೆರಡು ಪದ ನೆನಪಿದ್ದರೂ ಮೊಬೈಲಲ್ಲಿ ರೆಕಾರ್ಡ್ ಮಾಡಿ ಶಾಲೆಗೆ ತಲುಪಿಸಿ. ನವೆಂಬರ್ ಕೊನೆಯೊಳಗೆ ಸಿಕ್ಕರೆ ಮೊದಲ ವಾರದ ತರಗತಿಯಲ್ಲೇ ಮಕ್ಕಳಿಗೆ ಕೇಳಿಸುತ್ತೇವೆ.

ಇಂತಿ,
ಎಸ್‌ಡಿಎಂಸಿ ಸದಸ್ಯರು, ಶಿಕ್ಷಕರು ಮತ್ತು ಹಳೆ ವಿದ್ಯಾರ್ಥಿಗಳು